ನಾಲ್ಕೂವರೆ ಅಡಿಯ ಡಾರ್ಕ್‌ರೂಮಿಗೆ 16×20ರ ಟ್ರೇಗಳು

ನಮ್ಮ ಮನೆಯ ಉಗ್ರಾಣವೇ ಫೋಟೋ ಪ್ರಿಂಟು ಮಾಡುವ ನನ್ನ ಡಾರ್ಕ್‌ರೂಮು. ಅಗಲ 54 ಇಂಚು, ಉದ್ದ 78 ಇಂಚು, ಎತ್ತರ 10 ಅಡಿ. ಮೈಸೂರಿನ ಹಳೆಯ ಮನೆಗಳಲ್ಲಿ ಅಡುಗೆಮನೆಗೆ ಅಂಟಿಕೊಂಡು, ಕಿಟಕಿಯಿಲ್ಲದೆ, ಮೇಲೊಂದು ಗವಾಕ್ಷಿ ಮಾತ್ರ ಇರುತ್ತದಲ್ಲ, ಅಂಥ ಕೋಣೆ. ಬೆಳಕು ಮುಚ್ಚುವುದು ಸುಲಭವಾಯಿತು. 8×10 ಇಂಚಿನ ಪ್ರಿಂಟು ಮಾಡುವಷ್ಟು ಕಾಲ ಜಾಗದ ತಕರಾರೂ ಬರಲಿಲ್ಲ; ಮೂರು ಚಿಕ್ಕ ಟ್ರೇಗಳು ಒಂದೇ ಹಲಗೆಯ ಮೇಲೆ ಸಾಲಾಗಿ ಕೂರುತ್ತಿದ್ದವು. 16×20ಕ್ಕೆ ಹೋಗುವ ಮನಸ್ಸಾದಾಗಲೇ ಅಳತೆಪಟ್ಟಿ ಹೊರತೆಗೆದದ್ದು.

ಅಷ್ಟು ದೊಡ್ಡದು ಏಕೆ ಬೇಕು ಎಂದು ಕೇಳುವವರಿಗೆ ಒಂದು ಮಾತು. 8×10ನ್ನು ಕೈಯಲ್ಲಿ ಹಿಡಿದು ನೋಡುತ್ತೇವೆ. 16×20 ಗೋಡೆಯ ಮೇಲಿರುತ್ತದೆ, ನಾವು ಅದರ ಎದುರು ಹೋಗಿ ನಿಲ್ಲುತ್ತೇವೆ. ವನ್ಯಜೀವಿ ಛಾಯಾಗ್ರಾಹಕರಾದ ಇ. ಹನುಮಂತರಾವ್, ಟಿ. ಎನ್. ಎ. ಪೆರುಮಾಳ್, ಎಂ. ವೈ. ಘೋರ್ಪಡೆ ಅವರ ಕಾಲದಲ್ಲಿ ಕಾಡಿನ ಚಿತ್ರ ಜನರನ್ನು ಮುಟ್ಟುತ್ತಿದ್ದದ್ದು ಪ್ರದರ್ಶನದ ಗೋಡೆಯ ಮೇಲಿನ ಕಪ್ಪು–ಬಿಳುಪು ಪ್ರಿಂಟಿನಿಂದ. ಬೆಂಗಳೂರಿನ ಯೂತ್ ಫೋಟೋಗ್ರಾಫಿಕ್ ಸೊಸೈಟಿ 1971ರಲ್ಲಿ ಹುಟ್ಟಿದ್ದು ಅದೇ ವಾತಾವರಣದಲ್ಲಿ. ಕಾಗದವೂ ದೂರದಿಂದ ಬರಬೇಕಿರಲಿಲ್ಲ; 1960ರಲ್ಲಿ ಸ್ಥಾಪನೆಯಾದ ಊಟಿಯ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್ ಕಾರ್ಖಾನೆಯ ‘ಇಂದು’ ಬ್ರ್ಯಾಂಡಿನ ಸರಕು ಅಂಗಡಿಗಳಲ್ಲೇ ಸಿಗುತ್ತಿತ್ತು. ಈಗ ಇಲ್‌ಫರ್ಡ್ ಆಗಲಿ ಫೋಮಾ ಆಗಲಿ ಹೊರದೇಶದಿಂದ ಬರಬೇಕು, ದೊಡ್ಡ ಹಾಳೆ ದುಬಾರಿ. ಒಂದೊಂದು ಹಾಳೆಗೂ ಬೆಲೆ ಇರುವಾಗ ಅದು ಮಡಿಚಿಕೊಳ್ಳದಂತೆ, ಕಲೆಯಾಗದಂತೆ ಮೂರೂ ದ್ರಾವಣ ದಾಟಿ ಬರಬೇಕು: ಚಿತ್ರ ಮೂಡಿಸುವ ಡೆವಲಪರ್, ಆ ಕ್ರಿಯೆಯನ್ನು ನಿಲ್ಲಿಸುವ ಸ್ಟಾಪ್ ಬಾತ್, ಚಿತ್ರವನ್ನು ಕಾಯಂ ಮಾಡುವ ಫಿಕ್ಸರ್. ಹಾಗಾಗಿ ಆ ಮೂರು ಟ್ರೇ ಹಿಡಿಯುವ ಸ್ಟ್ಯಾಂಡಿನ ಮೇಲೆ ಇಷ್ಟೊಂದು ತಲೆ ಕೆಡಿಸಿಕೊಂಡೆ.

ಮೊದಲು ಅಳತೆ. ‘16×20 ಟ್ರೇ’ ಎಂದರೆ ಆ ಅಳತೆಯ ಕಾಗದ ಹಿಡಿಯುವ ಟ್ರೇ. ಅದರ ಹೊರ ಅಂಚು ಅಷ್ಟೇ ಇರುವುದಿಲ್ಲ. ನನ್ನವು ಹೊರಗಿಂದ ಹೊರಕ್ಕೆ 18.5×22.5 ಇಂಚು, ಎತ್ತರ 3.5 ಇಂಚು. ಕೋಣೆಯ ಆ ತುದಿಯಲ್ಲಿ 24 ಇಂಚು ಆಳದ ಎನ್ಲಾರ್ಜರ್ (ನೆಗೆಟಿವ್ ಚಿತ್ರವನ್ನು ಹಿಗ್ಗಿಸಿ ಕಾಗದದ ಮೇಲೆ ಬೀಳಿಸುವ ಯಂತ್ರ) ಮೇಜು ಇದೆ. ಎಡಗೋಡೆಯಲ್ಲಿ ಉಳಿದದ್ದು 54 ಇಂಚು. ಮೂರು ಟ್ರೇಗಳ ಕಿರಿದಾದ ಬದಿಯನ್ನು ನನ್ನ ಕಡೆಗೆ ಮಾಡಿ ಸಾಲಾಗಿಟ್ಟರೂ 55.5 ಇಂಚು ಬೇಕು. ಒಂದೂವರೆ ಇಂಚು ಸಾಲದು. ಎನ್ಲಾರ್ಜರ್ ಮೇಜನ್ನು ಎರಡಿಂಚು ಕೊಯ್ದಿದ್ದರೆ ಹೇಗೋ ಹಿಡಿಸುತ್ತಿತ್ತು, ನಿಜ. ಆಗ ನೆಗೆಟಿವ್ ಇಡುವ ಜಾಗಕ್ಕೆ ಡೆವಲಪರ್ ಟ್ರೇ ತಾಗಿಕೊಂಡೇ ಇರುತ್ತಿತ್ತು. ಒದ್ದೆ ಕೆಲಸ ಮತ್ತು ಒಣ ಕೆಲಸದ ನಡುವೆ ಅಂತರ ಇಲ್ಲದ ಡಾರ್ಕ್‌ರೂಮು ನನಗೆ ಬೇಡ; ಒಂದು ತೊಟ್ಟು ಡೆವಲಪರ್ ನೆಗೆಟಿವ್ ಮೇಲೆ ಬಿದ್ದರೆ ಅದನ್ನು ಮತ್ತೆ ತರಲಾಗದು. ಅಲ್ಲದೆ ಫಿಕ್ಸರ್ ಆದಮೇಲೆ ಪ್ರಿಂಟು ಇಡುವ ನೀರಿನ ಟ್ರೇಗೂ ಜಾಗ ಬೇಕಿತ್ತು.

ಬೇರೆ ದಾರಿಗಳಿವೆ. ಒಂದೇ ಟ್ರೇ ಇಟ್ಟುಕೊಂಡು ಡೆವಲಪರ್ ಸುರಿದು, ಬಸಿದು, ಸ್ಟಾಪ್ ಬಾತ್ ಸುರಿದು, ಬಸಿದು ಮಾಡಬಹುದು. ಜಾಗ ಇಲ್ಲವೇ ಇಲ್ಲ ಎನ್ನುವವರಿಗೆ ಅದು ಒಳ್ಳೆಯದೇ. ಆದರೆ ಮೂರು ಲೀಟರ್ ದ್ರಾವಣ ಇಡೀ ಹಾಳೆಯ ಮೇಲೆ ಒಂದೇ ಸಮನೆ ಹರಡುವಂತೆ ಸುರಿಯುವುದು ಕಷ್ಟ, ಆಕಾಶದಂಥ ಸಾದಾ ಭಾಗಗಳಲ್ಲಿ ಗೆರೆ ಬೀಳುವ ಭಯ ಇದ್ದೇ ಇರುತ್ತದೆ. ಡ್ರಮ್ಮಿನೊಳಗೆ ಕಾಗದ ಸುತ್ತಿ ಉರುಳಿಸುವ ಪದ್ಧತಿಯಲ್ಲಿ ದ್ರಾವಣ ಬಹಳ ಕಡಿಮೆ ಸಾಕು, ದೀಪ ಹಚ್ಚಿಕೊಂಡೇ ಕೆಲಸ ಮಾಡಬಹುದು. ಅದರಲ್ಲಿ ಚಿತ್ರ ಮೂಡುವುದು ಕಾಣುವುದಿಲ್ಲ. ನನಗೆ ಕಾಣಬೇಕು. ಅದು ಬರೀ ಆಸೆಯ ಮಾತಲ್ಲ, ಕಾರಣ ಮುಂದೆ ಹೇಳುತ್ತೇನೆ.

ಉಳಿದದ್ದು ಟ್ರೇಗಳನ್ನು ಒಂದರ ಮೇಲೊಂದು ಇಡುವ ದಾರಿ. ಇಲ್ಲಿ ಎಲ್ಲರೂ ಮೊದಲು ಅಳೆಯುವುದು ಟ್ರೇಯನ್ನು. ಅಳೆಯಬೇಕಾದದ್ದು ಕೈ. ಹಾಳೆಯನ್ನು ಮೂಲೆ ಹಿಡಿದು ಎತ್ತಿ, ಹತ್ತು ಹದಿನೈದು ಸೆಕೆಂಡು ಹನಿ ಇಳಿಸಿ, ಮುಂದಿನ ದ್ರಾವಣಕ್ಕೆ ಹಾಕಬೇಕು. 20 ಇಂಚಿನ ಒದ್ದೆ ಹಾಳೆ ನೇತಾಡಲು ಟ್ರೇ ಮೇಲೆ ಅಷ್ಟೇ ಎತ್ತರದ ಖಾಲಿ ಜಾಗ ಬೇಕು. ಪುಸ್ತಕದ ಕಪಾಟಿನ ಹಾಗೆ ನೇರ ಅಂತಸ್ತು ಕಟ್ಟಿದರೆ ಮಧ್ಯದ ಟ್ರೇಯಿಂದ ಹಾಳೆ ಎತ್ತುವಷ್ಟರಲ್ಲಿ ಅದು ಮೇಲಿನ ಹಲಗೆಗೆ ಬಡಿಯುತ್ತದೆ. ಡ್ರಾಯರಿನ ಟೆಲಿಸ್ಕೋಪಿಕ್ ಚಾನೆಲ್ ಹಾಕಿ ಟ್ರೇಯನ್ನೇ ಹೊರಗೆಳೆಯುವ ಯೋಚನೆಯನ್ನೂ ಮಾಡಿದೆ. ಎಳೆದಾಗಲೆಲ್ಲ ದ್ರಾವಣ ತುಳುಕುತ್ತದೆ, ಮೇಲಾಗಿ ಫಿಕ್ಸರಿನ ತೇವಕ್ಕೆ ಚಾನೆಲಿನ ಉಕ್ಕಿನ ಗುಂಡುಗಳು ತುಕ್ಕು ಹಿಡಿದು ಕಚ್ಚಿಕೊಳ್ಳುತ್ತವೆ. ಅದನ್ನು ಕೈಬಿಟ್ಟೆ.

ಪರಿಹಾರ ಸಿಕ್ಕಿದ್ದು ಮೆಟ್ಟಿಲಿನಲ್ಲಿ. ಕೆಳಗಿನ ಟ್ರೇ ಮೇಲಿನದಕ್ಕಿಂತ 6 ಇಂಚು ಮುಂದಕ್ಕೆ ಚಾಚಿರಬೇಕು, ಅದರ ಕೆಳಗಿನದು ಇನ್ನೂ 6 ಇಂಚು. ನಕ್ಷೆ ನೋಡಿದ ಬಡಗಿ, “ಏನ್ ಸಾರ್, ಈ ಸಲ ಗೊಂಬೆಗೆ ಮೂರೇ ಮೆಟ್ಟಿಲಾ?” ಎಂದು ಕೇಳಿದರು. ಮೈಸೂರಿನವರಿಗೆ ಇದಕ್ಕಿಂತ ಚೆನ್ನಾಗಿ ವಿವರಿಸಲು ಆಗದು: ದಸರೆಗೆ ಗೊಂಬೆ ಕೂರಿಸುವ ಮೆಟ್ಟಿಲ ಹಾಗೆ, ಪ್ರತಿ ಸಾಲಿನ ಮುಂಭಾಗಕ್ಕೂ ಮೇಲೆ ಆಕಾಶ ಖಾಲಿ. ಆ 6 ಇಂಚಿನ ಪಟ್ಟಿಯಲ್ಲಿ ಹಾಳೆಯ ಮುಂದಿನ ಎರಡು ಮೂಲೆ ಹಿಡಿದು, ನನ್ನ ಕಡೆಗೆ ಎಳೆಯುತ್ತ ಮೇಲೆತ್ತಿದರೆ ಅದು ಮೇಲಿನ ಟ್ರೇಯ ಮುಂದೆ ನೇರವಾಗಿ ನಿಲ್ಲುತ್ತದೆ, ಹನಿಗಳೆಲ್ಲ ತನ್ನ ಟ್ರೇಗೇ ಬೀಳುತ್ತವೆ.

ಟ್ರೇಗಳ ಉದ್ದದ ಬದಿ ಗೋಡೆಗೆ. ಸ್ಟ್ಯಾಂಡಿನ ಒಳ ಅಗಲ 23.5, ಹೊರ ಅಗಲ 25 ಇಂಚು. ಆಳ 18.5ಕ್ಕೆ ಎರಡು ಸಲ ಆರು ಸೇರಿ 30.5. ಟ್ರೇ ಕೂರುವ ಎತ್ತರ ನೆಲದಿಂದ 40, 28, 16 ಇಂಚು. ನನ್ನ ಮೊಣಕೈ ಎತ್ತರಕ್ಕೆ 40 ಸರಿಹೊಂದಿತು. ಕುಳ್ಳಗಿರುವವರು ಇನ್ನೂ ಇಳಿಸಿಕೊಳ್ಳಬೇಕು, ಏಕೆಂದರೆ ಟ್ರೇಯ ಅಂಚು ಎದೆಗಿಂತ ಮೇಲಿದ್ದರೆ ತುಳುಕಿದ್ದು ಮುಖಕ್ಕೆ ಬರುತ್ತದೆ. ಮೆಟ್ಟಿಲಿನ ಇನ್ನೊಂದು ಲಾಭ ಕಟ್ಟಿದ ಮೇಲೆ ಗೊತ್ತಾಯಿತು. ನೆಲದ ಹತ್ತಿರ ನನಗೆ ಉಳಿದದ್ದು 23.5 ಇಂಚೇ ಆದರೂ, ಮೇಲಿನ ಟ್ರೇಯ ಮಟ್ಟದಲ್ಲಿ 35.5 ಇಂಚು ಇದೆ. ಭುಜ ಆಡಿಸಲು ಬೇಕಾದ ಜಾಗ ಭುಜದ ಕಡೆಗೇ ಸಿಕ್ಕಿತು. ಪಾದಗಳು ಕೆಳಗಿನ ಟ್ರೇಯ ಅಡಿ ಹೋಗುತ್ತವೆ.

ಮೇಲೆ ಡೆವಲಪರ್, ನಡುವೆ ಸ್ಟಾಪ್ ಬಾತ್, ಕೆಳಗೆ ಫಿಕ್ಸರ್. ಈ ಕ್ರಮ ಬದಲಿಸಬಾರದು. ಡೆವಲಪರಿನ ನಾಲ್ಕು ಹನಿ ಸ್ಟಾಪಿಗೆ ಬಿದ್ದರೆ ಏನೂ ಆಗದು, ಹೇಗೂ ಹಾಳೆಯ ಜೊತೆ ಅದು ಹೋಗುತ್ತಲೇ ಇರುತ್ತದೆ. ಫಿಕ್ಸರ್ ಡೆವಲಪರಿಗೆ ಸೇರಿದರೆ ಮಾತ್ರ ಆ ಡೆವಲಪರ್ ಕೆಟ್ಟಿತೆಂದೇ ಲೆಕ್ಕ, ಬಿಳಿ ಭಾಗ ಮಂಕಾಗುತ್ತದೆ, ಕಲೆ ಬೀಳುತ್ತದೆ. ಫಿಕ್ಸರ್ ಎಲ್ಲಕ್ಕಿಂತ ಕೆಳಗಿದ್ದರೆ ಅದು ಮೇಲಕ್ಕೆ ಹೋಗಲು ಉಳಿಯುವ ದಾರಿ ನನ್ನ ಕೈ ಒಂದೇ. ಅದಕ್ಕೆ ನೀರಿನ ಬಕೆಟ್ಟು, ಟವೆಲ್ಲು ಬಾಗಿಲ ಪಕ್ಕದಲ್ಲೇ ಇವೆ: ಫಿಕ್ಸರ್ ಮುಟ್ಟಿದ ಕೈಗವಸು ತೊಳೆದು ಒರೆಸದೆ ಮೇಲಿನ ಮೆಟ್ಟಿಲಿಗೆ ಹೋಗುವಂತಿಲ್ಲ. ಕೈಗವಸು ಹೇಗೂ ಬೇಕು. ಡೆವಲಪರಿನಲ್ಲಿರುವ ಮೆಟಾಲ್ ಕೆಲವರ ಚರ್ಮಕ್ಕೆ ಆಗುವುದಿಲ್ಲ, ಒಮ್ಮೆ ಅಲರ್ಜಿ ಹಿಡಿದರೆ ಬಿಡುವುದಿಲ್ಲ. ಇಷ್ಟು ದೊಡ್ಡ ಫೈಬರ್ (ಪ್ಲಾಸ್ಟಿಕ್ ಲೇಪವಿಲ್ಲದ) ಕಾಗದವನ್ನು ಚಿಮಟದಲ್ಲಿ ಎತ್ತುವುದೂ ಬೇಡ. ನೆನೆದ ಹಾಳೆ ಭಾರ, ಒಂದು ಮೂಲೆಯಲ್ಲಿ ಹಿಡಿದರೆ ಅರ್ಧಚಂದ್ರಾಕಾರದ ಮಡಿಕೆ ಬಿದ್ದು ಒಣಗಿದ ಮೇಲೂ ಉಳಿಯುತ್ತದೆ. ಎರಡೂ ಕೈಯಲ್ಲಿ, ಎರಡು ಮೂಲೆ ಹಿಡಿದು ಎತ್ತಬೇಕು.

ಮರಕ್ಕೆ ಸಿಲ್ವರ್ ಓಕ್ ತಂದೆ. ಕೊಡಗು, ಚಿಕ್ಕಮಗಳೂರಿನ ಕಾಫಿ ತೋಟಗಳಲ್ಲಿ ನೆರಳಿಗೆ ಬೆಳೆಸುವ ಮರವಾದ್ದರಿಂದ ನಮ್ಮ ಕಡೆ ಸುಲಭವಾಗಿ ಸಿಗುತ್ತದೆ, ತೇಗದಷ್ಟು ಬೆಲೆಯಿಲ್ಲ. ಕಂಬಗಳಿಗೆ ಮುಕ್ಕಾಲು ಇಂಚು ದಪ್ಪ, ಎರಡಿಂಚು ಅಗಲದ ತುಂಡು, ಅಡ್ಡಪಟ್ಟಿಗಳಿಗೆ ಒಂದೂವರೆ ಇಂಚಿನ ರೀಪರು. ತೂತು ಹೊಡೆದ ಕಬ್ಬಿಣದ ಆ್ಯಂಗಲ್ ಅಗ್ಗ ನಿಜ, ಫಿಕ್ಸರ್ ಅದನ್ನು ತಿನ್ನುತ್ತದೆ. ಸ್ಕ್ರೂಗಳು ಮಾತ್ರ ಸ್ಟೇನ್‌ಲೆಸ್. ಸಾಧ್ಯವಾದರೆ 316 ಗ್ರೇಡಿನದು, ಈ ರಾಸಾಯನಿಕಗಳಿಗೆ 304ಕ್ಕಿಂತ ಅದು ಹೆಚ್ಚು ತಾಳುತ್ತದೆ. ತಲೆಗಳನ್ನು ಒಳಗಿಳಿಸಿ ಎಪಾಕ್ಸಿ ಪುಟ್ಟಿ ತುಂಬಿ, ಇಡೀ ಸ್ಟ್ಯಾಂಡಿಗೆ ಎಪಾಕ್ಸಿ ಬಣ್ಣ ಹೊಡೆದದ್ದಾಯಿತು.

ಟ್ರೇ ಕೂರುವಲ್ಲಿ ಹಲಗೆ ಹಾಕಲಿಲ್ಲ, ಎರಡು ಪಕ್ಕದಲ್ಲಿ ಒಂದೊಂದು ರೀಪರು, ಮುಂದೆ ಅರ್ಧ ಇಂಚಿನ ತಡೆ. ಹಲಗೆ ಹಾಕಿದರೆ ಚೆಲ್ಲಿದ್ದು ಅಲ್ಲೇ ನಿಂತು ಒಣಗಿ ಬಿಳಿ ಪುಡಿಯಾಗುತ್ತದೆ. ಗಾಳಿಯಲ್ಲಿ ಹಾರಿ ಕಾಗದಕ್ಕೆ ಕೂರುವ ಧೂಳು ಅದೇ. ಬದಲಿಗೆ ಎಲ್ಲ ಹನಿಯೂ ನೇರ ಕೆಳಗೆ, ನೆಲದ ಮೇಲೆ ಹಾಸಿದ ಪಿವಿಸಿ ಶೀಟಿನ ತಟ್ಟೆಗೆ ಬೀಳುತ್ತದೆ. 26×32 ಇಂಚು, ಸುತ್ತ ಒಂದಿಂಚು ಎತ್ತರದ ಅಂಚು. ಸುಮಾರು 13 ಲೀಟರ್ ಹಿಡಿಯುತ್ತದೆ. ಮೂರೂ ಟ್ರೇ ಒಟ್ಟಿಗೆ ಮಗುಚಿದರೂ 9 ಲೀಟರ್, ನೆಲಕ್ಕೆ ಹರಿಯುವುದಿಲ್ಲ.

ರೀಪರುಗಳ ನಡುವೆ, ಟ್ರೇಯ ಸರಿಯಾಗಿ ಮಧ್ಯಕ್ಕೆ ಎಡದಿಂದ ಬಲಕ್ಕೆ ಒಂದು ದುಂಡನೆಯ ಕೋಲು ಕೂರಿಸಿದ್ದೇನೆ, ರೀಪರಿಗಿಂತ ಅರ್ಧ ಇಂಚು ಮೇಲೆ. ಇಡೀ ಟ್ರೇ ಆ ಕೋಲಿನ ಮೇಲೆ ತೂಗುತ್ತದೆ. ಮುಂದಿನ ಅಂಚನ್ನು ಒಂದು ಬೆರಳಿನಿಂದ ಒತ್ತಿ ಬಿಟ್ಟರೆ ಸಾಕು, ಅಲೆ ಹಿಂದಕ್ಕೆ ಹೋಗಿ ಮುಂದಕ್ಕೆ ಬರುತ್ತದೆ. ಮೂರು ಲೀಟರಿನ ಟ್ರೇಯ ಮೂಲೆ ಎತ್ತಿ ಇಳಿಸಿ ಮಾಡುತ್ತಿದ್ದರೆ ಎರಡನೆಯ ಪ್ರಿಂಟಿಗೇ ಮಣಿಕಟ್ಟು ನೋಯುತ್ತದೆ. ಇಡೀ ಕಟ್ಟೋಣದಲ್ಲಿ ನನಗೆ ಅತಿ ಇಷ್ಟವಾದ ಭಾಗ ಈ ಕೋಲು. ಅದನ್ನು ರಸಮಟ್ಟ ಇಟ್ಟು ಕೂರಿಸಬೇಕು. ಒಂದು ಪಕ್ಕ ತಗ್ಗಿದ್ದರೆ ದ್ರಾವಣದ ಆಳ ಆ ಕಡೆ ಹೆಚ್ಚಾಗುತ್ತದೆ, ಇನ್ನೊಂದು ಕಡೆ ಹಾಳೆ ಮೇಲೆದ್ದು ಗಾಳಿಗೆ ತೆರೆದುಕೊಳ್ಳುತ್ತದೆ.

ಆಳದ ಲೆಕ್ಕ ಹೀಗೆ. ಟ್ರೇಯ ಒಳಗಿನ ತಳ ಸುಮಾರು 43×53 ಸೆಂ.ಮೀ. ಅಂದರೆ ಪ್ರತಿ ಸೆಂ.ಮೀ. ಆಳಕ್ಕೆ 2.3 ಲೀಟರ್. ಎರಡು ಲೀಟರಿನಲ್ಲಿ ಮಾಡಬಹುದು, ಹಾಳೆ ಮುಳುಗಲು ತಡವಾಗುತ್ತದೆ. ಮೂರು ಲೀಟರ್ ಸುರಿದರೆ 1.3 ಸೆಂ.ಮೀ., ಹಾಳೆಯನ್ನು ಒಂದೇ ಸಲಕ್ಕೆ ಜಾರಿಸಿ ಮುಳುಗಿಸಬಹುದು. ನಾನು ಡೆವಲಪರ್ ಮನೆಯಲ್ಲೇ ಕೂಡಿಸುತ್ತೇನೆ, ಡಿ-72 ಸೂತ್ರ: ಒಂದು ಲೀಟರ್ ಗಟ್ಟಿ ದ್ರಾವಣಕ್ಕೆ ಮೆಟಾಲ್ 3 ಗ್ರಾಂ, ಸೋಡಿಯಂ ಸಲ್ಫೈಟ್ 45, ಹೈಡ್ರೋಕ್ವಿನೋನ್ 12, ಸೋಡಿಯಂ ಕಾರ್ಬೊನೇಟ್ ಮಾನೊಹೈಡ್ರೇಟ್ 80, ಪೊಟ್ಯಾಸಿಯಂ ಬ್ರೋಮೈಡ್ 2. ಇದೇ ಕ್ರಮದಲ್ಲಿ, ಒಂದು ಕರಗಿದ ಮೇಲೆ ಇನ್ನೊಂದು. ಒಂದು ಪಾಲಿಗೆ ಎರಡು ಪಾಲು ನೀರು ಸೇರಿಸಿದರೆ ಸರಿಯಾಗಿ ಮೂರು ಲೀಟರ್. ಸ್ಟಾಪ್ ಬಾತಿಗೆ ಅಸಿಟಿಕ್ ಆ್ಯಸಿಡ್ ಬಿಟ್ಟುಬಿಟ್ಟೆ, ಇಷ್ಟು ಚಿಕ್ಕ ಕೋಣೆಯಲ್ಲಿ ಆ ಘಾಟು ಮೂಗಿಗೆ ಹತ್ತುತ್ತದೆ. ಲೀಟರಿಗೆ 15 ಗ್ರಾಂ ಸಿಟ್ರಿಕ್ ಆ್ಯಸಿಡ್ ಅದೇ ಕೆಲಸವನ್ನು ವಾಸನೆಯಿಲ್ಲದೆ ಮಾಡುತ್ತದೆ. ಫಿಕ್ಸರ್ ಇಲ್‌ಫರ್ಡ್ ರ‍್ಯಾಪಿಡ್, 600 ಮಿ.ಲೀ.ಗೆ 2400 ಮಿ.ಲೀ. ನೀರು, ಫೈಬರ್ ಕಾಗದಕ್ಕೆ ಒಂದು ನಿಮಿಷ. 16 ಇಂಚಿನ ಮೆಟ್ಟಿಲಿಗೆ ಬಗ್ಗುವ ಬದಲು ಆ ನಿಮಿಷ ಒಂದು ಗಿಡ್ಡ ಸ್ಟೂಲಿನ ಮೇಲೆ ಕೂರುತ್ತೇನೆ.

ಚಿತ್ರ ಮೂಡುವುದು ಕಾಣಬೇಕು ಎಂದೆನಲ್ಲ. ಡೆವಲಪ್ ಸಮಯದ ಎಲ್ಲ ಕೋಷ್ಟಕಗಳೂ 20 ಡಿಗ್ರಿಗೆ ಬರೆದವು. ಏಪ್ರಿಲ್‌ನಲ್ಲಿ ನಮ್ಮ ತಾರಸಿಯ ಟ್ಯಾಂಕಿನ ನೀರು ಅದಕ್ಕಿಂತ ಎಷ್ಟೋ ಬಿಸಿ, ಡಿಸೆಂಬರಿನ ಬೆಳಿಗ್ಗೆ ಹತ್ತಿರ ಹತ್ತಿರ ಅಷ್ಟೇ. ಮೂರು ಲೀಟರಿನ ಅಗಲವಾದ ಟ್ರೇಯನ್ನು ಒಂದೇ ಉಷ್ಣತೆಯಲ್ಲಿ ಹಿಡಿದಿಡಲು ಈ ಜಾಗದಲ್ಲಿ ವ್ಯವಸ್ಥೆಯಿಲ್ಲ. ಅದಕ್ಕೆ ಹಳಬರ ಗುಣಕದ ಪದ್ಧತಿ: ಚಿತ್ರದ ಮೊದಲ ಗುರುತು ಕಾಣಲು ಹಿಡಿದ ಸೆಕೆಂಡುಗಳನ್ನು ಒಂದು ನಿಗದಿತ ಸಂಖ್ಯೆಯಿಂದ ಗುಣಿಸುವುದು. 15 ಸೆಕೆಂಡಿಗೆ ಕಂಡು ಗುಣಕ 8 ಇದ್ದರೆ ಒಟ್ಟು ಎರಡು ನಿಮಿಷ. ದ್ರಾವಣ ಬಿಸಿಯಿದ್ದರೆ ಮೊದಲೇ ಕಾಣುತ್ತದೆ, ಒಟ್ಟು ಸಮಯ ತಾನಾಗಿ ಇಳಿಯುತ್ತದೆ. ಹಳತಾಗಿ ಸೋತಿದ್ದರೆ ತಡವಾಗಿ ಕಾಣುತ್ತದೆ, ಸಮಯ ಏರುತ್ತದೆ. ಮೇಲಿನ ಟ್ರೇ ಮೊಣಕೈ ಎತ್ತರದಲ್ಲಿ, ಕಾಗದವನ್ನು ಕೆಡಿಸದ ಮಂದ ದೀಪವಾದ ಸೇಫ್‌ಲೈಟಿನ ನೇರ ಕೆಳಗೆ ಇರುವುದರಿಂದ ಆ ಮೊದಲ ಗುರುತು ತಪ್ಪುವುದಿಲ್ಲ.

ಸೇಫ್‌ಲೈಟಿನದೇ ಒಂದು ಲೆಕ್ಕ. ಮಲ್ಟಿಗ್ರೇಡ್ (ಫಿಲ್ಟರ್ ಬದಲಿಸಿ ಕಾಂಟ್ರಾಸ್ಟ್ ಹೆಚ್ಚು ಕಡಿಮೆ ಮಾಡಬಹುದಾದ) ಕಾಗದಕ್ಕೆ 15 ವ್ಯಾಟಿನ ಬಲ್ಬಿನ ದೀಪ ಕನಿಷ್ಠ 1.2 ಮೀಟರ್ ದೂರ ಇರಬೇಕು. ಚಿಕ್ಕ ಕೋಣೆಯಲ್ಲಿ ಅಡ್ಡಕ್ಕೆ ಅಷ್ಟು ದೂರ ಸಿಗುವುದಿಲ್ಲ, ಮೇಲಕ್ಕೆ ಸಿಗುತ್ತದೆ. ಡೆವಲಪರ್ ಟ್ರೇಯ ಅಂಚು 43.5 ಇಂಚಿನಲ್ಲಿದೆ; ದೀಪವನ್ನು ಎಡಗೋಡೆಯಲ್ಲಿ 8 ಅಡಿಗೆ ಏರಿಸಿದೆ, ನಡುವೆ 52.5 ಇಂಚು, ಅಂದರೆ 1.3 ಮೀಟರ್‌ಗೂ ತುಸು ಹೆಚ್ಚು. ಆಮೇಲೆ ನಾಣ್ಯದ ಪರೀಕ್ಷೆ. ಕಾಗದಕ್ಕೆ ಎನ್ಲಾರ್ಜರಿನಿಂದ ತೆಳು ಬೂದು ಬರುವಷ್ಟು ಬೆಳಕು ಕೊಟ್ಟು, ಅದರ ಮೇಲೆ ನಾಣ್ಯಗಳನ್ನಿಟ್ಟು, ಸೇಫ್‌ಲೈಟಿನ ಕೆಳಗೆ ಎಂಟು ನಿಮಿಷ ಬಿಟ್ಟು, ನಂತರ ಡೆವಲಪ್ ಮಾಡಬೇಕು. ನಾಣ್ಯದ ಗುರುತು ಮೂಡದಿದ್ದರೆ ದೀಪ ಸರಿ. ಬೆಳಕೇ ಕಾಣದ ಕೋರಾ ಕಾಗದದಲ್ಲಿ ಈ ಪರೀಕ್ಷೆ ಮಾಡಿದರೆ ಸಣ್ಣ ಸೋರಿಕೆ ಗೊತ್ತಾಗುವುದಿಲ್ಲ. ದೊಡ್ಡ ಪ್ರಿಂಟಿಗೆ ಕೆಲವು ಭಾಗ ಮರೆಮಾಡಿ, ಕೆಲವಕ್ಕೆ ಹೆಚ್ಚು ಬೆಳಕು ಕೊಟ್ಟು ಮಾಡುವುದರಲ್ಲೇ ಮೂರು ನಾಲ್ಕು ನಿಮಿಷ ಹೋಗುತ್ತದೆ, ಆದ್ದರಿಂದ ಎಂಟು ನಿಮಿಷ.

ಗಾಳಿ. ಕೋಣೆಯ ಗಾತ್ರ ಸುಮಾರು 290 ಘನ ಅಡಿ. ಗಂಟೆಗೆ ಹತ್ತು ಸಲ ಗಾಳಿ ಬದಲಾಗಬೇಕೆಂದರೆ ನಿಮಿಷಕ್ಕೆ 50 ಘನ ಅಡಿ. ಆರಿಂಚಿನ ಎಕ್ಸಾಸ್ಟ್ ಫ್ಯಾನಿಗೆ ಇದು ಹಗುರದ ಕೆಲಸ. ಗವಾಕ್ಷಿಯಲ್ಲಿ ಫ್ಯಾನು, ಅದರ ಮುಂದೆ ಪ್ಲೈವುಡ್ಡಿನ ಪೆಟ್ಟಿಗೆ, ಒಳಗೆ ಎದುರುಬದುರಾಗಿ ಮೂರು ತಡೆಗಳು, ಎಲ್ಲಕ್ಕೂ ಬ್ಲ್ಯಾಕ್‌ಬೋರ್ಡ್ ಬಣ್ಣ. ಗಾಳಿ ತಿರುಗಿ ಹೋಗುತ್ತದೆ, ಬೆಳಕು ತಿರುಗುವುದಿಲ್ಲ. ಬಾಗಿಲ ಕೆಳಭಾಗದಲ್ಲೂ ಅಂಥದೇ ಚಿಕ್ಕ ದಾರಿ. ವಿದ್ಯುತ್ ಎಲ್ಲ ಎನ್ಲಾರ್ಜರ್ ಕಡೆಯ ಗೋಡೆಯಲ್ಲಿ, ಸೋರಿಕೆಯಾದ ಕೂಡಲೇ ವಿದ್ಯುತ್ ಕಡಿಯುವ 30 ಮಿಲಿಆಂಪಿನ ಆರ್‌ಸಿಸಿಬಿ ಮೂಲಕ. ಒದ್ದೆ ಕೈ, ಒದ್ದೆ ನೆಲ, ಕತ್ತಲೆ ಮೂರೂ ಒಟ್ಟಿಗಿರುವ ಕೋಣೆಯಲ್ಲಿ ಇದನ್ನು ಬಿಟ್ಟು ಕೆಲಸ ಶುರು ಮಾಡಲೇಬಾರದು.

ಎಡಗೋಡೆಯ 54 ಇಂಚಿನಲ್ಲಿ ಸ್ಟ್ಯಾಂಡಿಗೆ 25 ಹೋದರೆ 29 ಉಳಿಯಿತು. ಬಾಗಿಲ ಕಡೆ 18.5 ಇಂಚಿನಲ್ಲಿ ನೀರಿನ ಟ್ರೇ, ಸ್ಟೂಲಿನ ಮೇಲೆ. ಎನ್ಲಾರ್ಜರ್ ಕಡೆ 10.5 ಇಂಚಿನಲ್ಲಿ ಬಾಟಲಿಗಳ ಗೂಡು, ಅದರಾಚೆ ಮೇಜಿಗೂ ಸ್ಟ್ಯಾಂಡಿಗೂ ನಡುವೆ ಆಳೆತ್ತರದ ಪಿವಿಸಿ ಶೀಟು. ಮೇಜಿಗೂ ಒಂದು ತಿದ್ದುಪಡಿ ಬೇಕಾಯಿತು. 35 ಮಿ.ಮೀ. ನೆಗೆಟಿವನ್ನು 50 ಮಿ.ಮೀ. ಲೆನ್ಸಿನಲ್ಲಿ 16×20ಕ್ಕೆ ಹಿಗ್ಗಿಸಿದರೆ ಸುಮಾರು 17 ಪಟ್ಟು. ಲೆನ್ಸಿನಿಂದ ಕಾಗದಕ್ಕೆ 90 ಸೆಂ.ಮೀ. ದೂರ ಬೇಕು. ನನ್ನ ಎನ್ಲಾರ್ಜರಿನ ಕಂಬ ಅಷ್ಟು ಏರದು. ಕಂಬವನ್ನು ಗೋಡೆಗೆ ಬಿಗಿದು, ಮೇಜಿನ ಮಧ್ಯದ ಹಲಗೆಯನ್ನು ತೆಗೆದು ಒಂದಡಿ ಕೆಳಗೆ ಕೂರಿಸುವಂತೆ ಮಾಡಿದೆವು.

ಕೆಲಸ ಮುಗಿದ ಮೇಲೆ ತುಂಬಿದ ಟ್ರೇ ಎತ್ತಿಕೊಂಡು ಬಾಟಲಿಗೆ ಸುರಿಯುವುದು ಇಂಥ ಕೋಣೆಯಲ್ಲಿ ಆಗದ ಮಾತು. ಕೆಳಗಿನ ಟ್ರೇ ಕೂಡ ನೆಲದಿಂದ 16 ಇಂಚು ಮೇಲಿರುವುದರಿಂದ ಐದು ಲೀಟರಿನ ಕ್ಯಾನಿನ ಬಾಯಿಗಿಂತ ಎತ್ತರದಲ್ಲಿದೆ. ರಬ್ಬರ್ ಗುಂಡಿನ ಕೈಪಂಪಿರುವ ಕೊಳವೆ ಇಟ್ಟು ಎರಡು ಸಲ ಅದುಮಿದರೆ ದ್ರಾವಣ ತಾನೇ ಇಳಿದುಹೋಗುತ್ತದೆ. ಬಾಯಿಯಿಂದ ಎಳೆಯಬೇಡಿ. ಪ್ರತಿ ದ್ರಾವಣಕ್ಕೆ ಪ್ರತ್ಯೇಕ ಕೊಳವೆ, ಬೇರೆ ಬೇರೆ ಬಣ್ಣದ ಟೇಪು. ಬಳಸಿದ ಫಿಕ್ಸರಿನಲ್ಲಿ ಕಾಗದದಿಂದ ಕರಗಿದ ಬೆಳ್ಳಿ ಇರುತ್ತದೆ, ಅದು ಚರಂಡಿಗೆ ಹೋಗಬಾರದು. ಅದನ್ನು ಬೇರೆ ಕ್ಯಾನಿನಲ್ಲಿ ಕೂಡಿಟ್ಟು ಉಕ್ಕಿನ ನಾರು ಹಾಕಿಡುತ್ತೇನೆ. ಕಬ್ಬಿಣ ಕರಗುತ್ತ ಬೆಳ್ಳಿ ಕಪ್ಪು ಕೆಸರಾಗಿ ತಳ ಹಿಡಿಯುತ್ತದೆ. ತೊಳೆಯುವುದು ಬಚ್ಚಲಲ್ಲಿ: ಐದು ನಿಮಿಷ ನೀರು, ಹತ್ತು ನಿಮಿಷ ಫಿಕ್ಸರನ್ನು ಬೇಗ ಬಿಡಿಸುವ ದ್ರಾವಣವಾದ ವಾಶ್‌ಏಡ್, ಮತ್ತೆ ಐದು ನಿಮಿಷ ಹರಿಯುವ ನೀರು. ಒಣಗಿಸಲು ಕಿಟಕಿಗೆ ಹಾಕುವ ಸೊಳ್ಳೆ ಜಾಲರಿಯನ್ನು ಚೌಕಟ್ಟಿಗೆ ಬಿಗಿದು, ಅದರ ಮೇಲೆ ಮುಖ ಕೆಳಗಾಗಿ.

ಈ ಸ್ಟ್ಯಾಂಡಿಗೆ 20×24ರ ಟ್ರೇ ಬರುವುದಿಲ್ಲ, ಒಳ ಅಗಲ 23.5 ಇಂಚೇ. ಆದರೆ ಹಾಳೆಯನ್ನು ಚಪ್ಪಟೆಯಾಗಿ ಮುಳುಗಿಸದೆ, ಎರಡು ತುದಿ ಹಿಡಿದು ಸುರುಳಿ ಬಿಚ್ಚುತ್ತ ಸುತ್ತುತ್ತ ದೋಣಿಯಾಕಾರದ ತೊಟ್ಟಿಯಲ್ಲಿ ಆಡಿಸಬಹುದು. ಆಗ 20 ಇಂಚಿನ ಬದಿಗೆ 22 ಇಂಚು ಉದ್ದದ ತೊಟ್ಟಿ ಸಾಕು, ಅದು ಇದೇ ಮೆಟ್ಟಿಲುಗಳಲ್ಲಿ ಕೂರುತ್ತದೆ. 160 ಮಿ.ಮೀ. ಪಿವಿಸಿ ಪೈಪನ್ನು ಉದ್ದಕ್ಕೆ ಎರಡು ಸೀಳು ಮಾಡಿ, ತುದಿಗಳನ್ನು ಶೀಟಿನಿಂದ ಮುಚ್ಚಿ ಅಂಟಿಸಿದರೆ ತೊಟ್ಟಿ ಸಿದ್ಧ, 5 ಸೆಂ.ಮೀ. ಆಳಕ್ಕೆ ಇದೂ ಸುಮಾರು ಮೂರೇ ಲೀಟರ್ ಕುಡಿಯುತ್ತದೆ. ಪೈಪು ತಂದಿಟ್ಟಿದ್ದೇನೆ. ಕೊಯ್ದ ಅಂಚನ್ನು ನುಣ್ಣಗೆ ಉಜ್ಜುವುದು ಬಾಕಿಯಿದೆ, ಏಕೆಂದರೆ ನೆನೆದ ಕಾಗದದ ಎಮಲ್ಷನ್ನಿಗೆ, ಅಂದರೆ ಚಿತ್ರವಿರುವ ಲೇಪಕ್ಕೆ, ಗೀರು ಬೀಳುವುದು ಅಲ್ಲೇ.